ಖಾಲಿ ಬಟ್ಟಲು ಕೊಡಬಾರದು

ಮೊನ್ನೆ ಭಾನುವಾರ ಮಗಳ ಶಾಲೆಯ ಬಾರ್ಬಿಗೆ ಹೋಗಿದ್ದೆ. ಬಾರ್ಬಿ ಎಂದರೆ ಗೊಂಬೆಯಲ್ಲ, ಈ ದೇಶದವರು ಬಾರ್ಬೆಕ್ಯೂವನ್ನು ಮುದ್ದಿನಿಂದ ಕರೆಯುವುದು ಹಾಗೆ. ನನ್ನಂಥ ಪುಳಿಚಾರಿನವರಿಗೆ ಅಲ್ಲಿ ಸಿಗುವುದು ಒಂದು ತುಂಡು ಬ್ರೆಡ್ಡು, ಅದರ ಮೇಲೆ ಹುರಿದ ಈರುಳ್ಳಿ, ಅದರ ಮೇಲೆ ಟೊಮೆಟೊ ಸಾಸ್. ಸಾಸಿಗೆಂದು ಚಾಚಿದ ಕೈ ಹಾಗೆಯೇ ನಿಂತಿತು. ಸಾಸ್ ತುಂಬಿಟ್ಟಿದ್ದ ಪುಟ್ಟ ಸ್ಟೀಲ್ ಬಟ್ಟಲಿನ ಅಂಚಿನಲ್ಲಿ ಚುಕ್ಕಿಚುಕ್ಕಿಯ ಕನ್ನಡ ಅಕ್ಷರಗಳಲ್ಲಿ ‘ಗೃಹಪ್ರವೇಶದ ಸವಿನೆನಪಿಗೆ’ ಎಂದು ಕೊರೆದಿತ್ತು.

ಬಡಿಸುತ್ತಿದ್ದ ಗಡ್ಡದ ಮಹಾಶಯ ನನ್ನ ನೋಟ ಗಮನಿಸಿ, “ನೈಸ್ ಬೌಲ್, ಅಲ್ವಾ? ವರ್ಷಗಳಿಂದ ನಮ್ಮನೇಲಿದೆ, ಎಲ್ಲಿಂದ ಬಂತೋ ದೇವರಿಗೇ ಗೊತ್ತು” ಎಂದು ಇಂಗ್ಲಿಷಿನಲ್ಲಿ ಹೇಳಿದ. ದೇವರಿಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ಚೆನ್ನಾಗಿ ಗೊತ್ತಿತ್ತು. ಆದರೂ “ಹೌದಾ?” ಎಂದು ಅಮಾಯಕಳಂತೆ ಈರುಳ್ಳಿ ಬ್ರೆಡ್ಡು ತಿಂದು ಬಂದೆ. ಅವನೆದುರು ಒಪ್ಪಿಕೊಳ್ಳದ್ದನ್ನು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ.

ಮೊದಲು ನನ್ನ ಒಂದು ದೋಷ ಹೇಳಿಬಿಡುತ್ತೇನೆ. ನಾನು ಹಲ್ಲಿನ ಡಾಕ್ಟರು. ಇಡೀ ದಿನ ಬೇರೆಯವರ ಬಾಯೊಳಗೆ ಇಣುಕುವ ಕೆಲಸ. ಊರಿನ ಮಕ್ಕಳೆಲ್ಲ ಪೊಲೀಸರಿಗಿಂತ ನನಗೆ ಹೆಚ್ಚು ಹೆದರುತ್ತಾರೆ. ನಾವು ಪರ್ತ್ ನಗರದ ಪಿಯಾರಾ ವಾಟರ್ಸ್‌ನಲ್ಲಿದ್ದಾಗ ಒಂದು ಹ್ಯಾಲೊವೀನ್ ಸಂಜೆ ಭೂತ ಪಿಶಾಚಿಗಳ ವೇಷ ತೊಟ್ಟ ಮಕ್ಕಳು ಚಾಕಲೇಟಿಗೆಂದು ಬಾಗಿಲು ಬಡಿದರೆ, ನಾನು ಒಬ್ಬೊಬ್ಬರ ಚೀಲಕ್ಕೂ ಒಂದೊಂದು ಟೂತ್‌ಬ್ರಷ್ ಹಾಕಿ ಕಳಿಸಿದ್ದೆ. ಒಂದು ಪುಟ್ಟ ಅಸ್ಥಿಪಂಜರ ಅಲ್ಲೇ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತಿತು. ಮರುದಿನದಿಂದ ನನ್ನ ಮಗಳು ಇಂಚರ ಶಾಲೆಯಲ್ಲಿ ‘ಬ್ರಷ್ ಗರ್ಲ್’ ಆದಳು. ಆದರೂ ಪಿಯಾರಾ ವಾಟರ್ಸ್‌ನ ಮಕ್ಕಳು ದೊಡ್ಡ ಮನಸ್ಸಿನವರು. ನಮ್ಮ ಬೀದಿಯ ಮೂವರು ಹುಡುಗಿಯರು ಬಾಗಿಲು ಬಡಿಯದೆ ಒಳಗೆ ಬಂದು, ಸೋಫಾ ಮೇಲೆ ಹಾರಿ, ನನ್ನ ತೊಂಡೆಕಾಯಿ ಪಲ್ಯವನ್ನೂ ತಿಂದು ಹೋಗುತ್ತಿದ್ದರು.

ಅಂಥ ಬೀದಿಯಿಂದ ಅವಳನ್ನು ಕಿತ್ತು ತಂದು ಅಡಿಲೇಡಿನಲ್ಲಿ ನೆಟ್ಟೆವು. ಕೆಲವು ವರ್ಷಗಳ ಹಿಂದೆ ನನ್ನ ಗಂಡ ರಘುವಿನ ಕಂಪೆನಿ ಅವನನ್ನು ಇಲ್ಲಿಗೆ ವರ್ಗ ಮಾಡಿತು, ಮಾಡ್ಬರಿ ಬಡಾವಣೆಯಲ್ಲಿ ಮನೆ ಕೊಂಡೆವು. ಇಲ್ಲಿ ಶಾಲೆಯ ವರ್ಷ ಶುರುವಾಗುವುದು ಜನವರಿಯ ಕೊನೆಗೆ, ಡಾಂಬರು ಕರಗುವಂಥ ಬಿಸಿಲಿನಲ್ಲಿ. ಏಳು ವರ್ಷದ ಇಂಚರ ದೊಡ್ಡ ಟೋಪಿ ಹಾಕಿಕೊಂಡು ಎರಡನೇ ತರಗತಿಗೆ ಹೋದಳು, ದೊಡ್ಡ ಟೋಪಿ ಹಾಕಿಕೊಂಡು ಒಬ್ಬಳೇ ವಾಪಸು ಬಂದಳು. ಮೊದಲನೇ ದಿನವೇ ಪಕ್ಕದ ಕುರ್ಚಿಯ ಟಿಲಿ ಎಂಬ ಹುಡುಗಿಯನ್ನು “ನಮ್ಮನೆಗೆ ಆಟಕ್ಕೆ ಬರ್ತೀಯಾ?” ಎಂದು ಕೇಳಿದಳಂತೆ. ಟಿಲಿ “ಮೇಬಿ” ಎಂದಳಂತೆ. ಆ ‘ಮೇಬಿ’ಯನ್ನು ನಂಬಿಕೊಂಡು ನನ್ನ ಮಗಳು ದಿನಾ ಮಧ್ಯಾಹ್ನ ತನ್ನ ಕೋಣೆ ಗುಡಿಸಿ, ಗೊಂಬೆಗಳನ್ನು ಸಾಲಾಗಿ ಕೂರಿಸಿ, ಕಿಟಕಿಯ ಬಳಿ ನಿಲ್ಲುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಬಾಗಿಲು ತಳ್ಳಿಕೊಂಡು ಬರುವ ಒಬ್ಬಳು ಗೆಳತಿ, ಅಷ್ಟೇ.

ಹೀಗಿರುವಾಗ ಅವಳ ಬ್ಯಾಗಿನಲ್ಲಿ ಒಂದು ಚೀಟಿ ಬಂತು. ಅವಳ ಟೀಚರ್ ಮಿಸ್ ಡಾಸನ್ ಕೆನಡಾದಿಂದ ಬಂದವರು. ಅವರ ಊರಿನಲ್ಲಿ ವ್ಯಾಲೆಂಟೈನ್ಸ್ ದಿನ ತರಗತಿಯ ಮಕ್ಕಳೆಲ್ಲ ಒಬ್ಬರಿಗೊಬ್ಬರು ಪುಟ್ಟ ಉಡುಗೊರೆ ಕೊಡುವ ಪದ್ಧತಿಯಂತೆ, ಇಲ್ಲೂ ಮಾಡೋಣ ಎಂದಿದ್ದರು. ಷರತ್ತುಗಳು: ಕೊಟ್ಟರೆ ಎಲ್ಲರಿಗೂ ಕೊಡಬೇಕು. ಸಿಹಿ ಕೂಡದು, ಚಾಕಲೇಟು ಕೂಡದು, ಯಾವ ತಿಂಡಿಯೂ ಕೂಡದು.

ಸಿಹಿ ಕೂಡದು! ಓದಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಾನು ಬಾಯಿ ತೆರೆಯುವ ಮೊದಲೇ ಇಂಚರ, “ನೋ ಟೂತ್‌ಬ್ರಷ್, ಅಮ್ಮಾ. ಪ್ಲೀಸ್” ಎಂದಳು. ಕಣ್ಣಲ್ಲಿ ಆಗಲೇ ನೀರು. ಕಲ್ಲು ಹೃದಯದವಳಲ್ಲ ನಾನು. “ಹಲ್ಲುಸಂದಿಯ ದಾರ? ಫ್ಲಾಸ್?” ಎಂದು ಮೆಲ್ಲಗೆ ಕೇಳಿದೆ. ಅವಳು ಎದ್ದು ಹೋದಳು.

ಬ್ರಿಸ್ಬೇನಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ವೀಣಾಗೆ ಫೋನ್ ಮಾಡಿದೆ. ವೀಣಾ ಇಂಥ ವಿಷಯಗಳ ವಿಶ್ವಕೋಶ. ಬೇಸಿಗೆಯಲ್ಲಿ ಬ್ರಿಸ್ಬೇನಿನ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ, ವೀಣಾಳ ಆತ್ಮವಿಶ್ವಾಸ ಮಾತ್ರ ಎಲ್ಲರಿಗಿಂತ ಹತ್ತು ವರ್ಷ ಮುಂದೆ. ವಾಟ್ಸಾಪಿನಲ್ಲಿ ಫೋಟೋಗಳ ಮಳೆ ಸುರಿಸಿದಳು. ಪೆನ್ಸಿಲ್ಲಿಗೆ ಬಾಣದ ಗರಿ ಅಂಟಿಸಿದ್ದು. ಹೃದಯದಾಕಾರದ ರಬ್ಬರು. ಬೀಜದ ಪೊಟ್ಟಣ, ಅದರ ಮೇಲೆ ‘ನಮ್ಮ ಸ್ನೇಹ ಮೊಳೆಯಲಿ’. ಕೊನೆಗೆ ಒಂದು ಪ್ಲಾಸ್ಟಿಕ್ ಡೈನೋಸಾರು, ‘ನೀನೆಂದರೆ ನನಗೆ ಘರ್ಜಿಸುವಷ್ಟು ಇಷ್ಟ’.

“ಇದನ್ನೆಲ್ಲ ನೀನೇ ಮಾಡ್ದ್ಯಾ?” ಎಂದೆ.

“ಅಯ್ಯೋ ಅಕ್ಕಾ, ನನ್ ಮಗನ ಸ್ಕೂಲಲ್ಲಿ ಇದೆಲ್ಲ ಇಲ್ಲ. ಸುಮ್ನೆ ನೋಡ್ತಾ ಇರ್ತೀನಿ” ಎಂದಳು.

ನಮ್ಮ ಕಾಲದ ವ್ಯಾಲೆಂಟೈನ್ಸ್ ದಿನ ನೆನಪಾಯಿತು. ಮೈಸೂರಿನ ಹಾಸ್ಟೆಲಿನಲ್ಲಿ ಆ ದಿನ ವಾರ್ಡನ್ ಮೇಡಂ ಗೇಟಿನ ಬಳಿ ಕುರ್ಚಿ ಹಾಕಿ ಕೂರುತ್ತಿದ್ದರು. ಗುಲಾಬಿ ಹಿಡಿದು ಬಂದ ಹುಡುಗರಿಂದ ಗುಲಾಬಿ ಕಸಿದು ದೇವರ ಫೋಟೋಗಳಿಗೆ ಮುಡಿಸುತ್ತಿದ್ದರು. ವರ್ಷದಲ್ಲಿ ಅವತ್ತೊಂದು ದಿನ ಹಾಸ್ಟೆಲಿನ ಗಣಪತಿಗೆ ಅಷ್ಟು ಹೂವು. ನನ್ನ ಪಾಲಿಗೆ ಯಾರೂ ಗೇಟಿಗೆ ಬರಲಿಲ್ಲ ಎಂಬುದನ್ನು ಇಲ್ಲಿ ಮರೆಮಾಚುವುದಿಲ್ಲ. ಮದುವೆಯಾದ ವರ್ಷ ರಘು ಆ ದಿನ ನನಗೊಂದು ಎಮರ್ಜೆನ್ಸಿ ಲ್ಯಾಂಪ್ ತಂದುಕೊಟ್ಟ. ಪ್ರೇಮದಿಂದಲೇ ಕೊಟ್ಟದ್ದು, ನಮ್ಮ ಏರಿಯಾದಲ್ಲಿ ಆಗ ದಿನಾ ಕರೆಂಟ್ ಹೋಗುತ್ತಿತ್ತು.

ಆ ಹೊತ್ತಿಗೆ ಮೈಸೂರಿನಿಂದ ನನ್ನ ಅಮ್ಮ ಬಂದಿದ್ದಳು. ಮೂರು ತಿಂಗಳ ವೀಸಾ, ಎರಡು ಸೂಟ್‌ಕೇಸು. ಒಂದರ ತುಂಬ ಬಟ್ಟಲುಗಳು. ಗೃಹಪ್ರವೇಶಕ್ಕೆ ಬಂದವರಿಗೆ ಬರಿಗೈಯಲ್ಲಿ ಕುಂಕುಮ ಕೊಡಲಾಗುತ್ತದೆಯೇ? ಪಾತ್ರೆ ಅಂಗಡಿಯವನಿಂದ ಒಂದೊಂದರ ಮೇಲೂ ‘ಗೃಹಪ್ರವೇಶದ ಸವಿನೆನಪಿಗೆ’ ಎಂದು ಕೊರೆಸಿ ತಂದಿದ್ದಳು. ಅಡಿಲೇಡಿನಲ್ಲಿ ನಮಗೆ ಹೆಚ್ಚು ಜನರ ಪರಿಚಯವೇ ಇಲ್ಲ ಎಂದು ನಾನು ಹೇಳಲು ಮರೆತಿದ್ದೆ. ಗೃಹಪ್ರವೇಶಕ್ಕೆ ಬಂದದ್ದು ಬ್ಲೇರ್ ಅಥಾಲ್ ಬಡಾವಣೆಯ ಎರಡು ಕನ್ನಡ ಕುಟುಂಬ ಮತ್ತು ಮನೆ ಮಾರಿಸಿಕೊಟ್ಟ ಏಜೆಂಟ್. ಏಜೆಂಟ್ ಹಣೆಗೆ ಕುಂಕುಮ ಇಟ್ಟುಕೊಂಡು, ಬಟ್ಟಲು ಹಿಡಿದು, ಭಕ್ತಿಯಿಂದ ಹೋದ. ಮಿಕ್ಕವು ಪ್ಲಾಸ್ಟಿಕ್ ಕವರಿನಲ್ಲೇ ಉಳಿದವು.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, “ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ? ಬಟ್ಟಲಿಲ್ವಾ? ಕೊಟ್ಟು ಕಳ್ಸಿ” ಎಂದಳು. ಇಂಚರ ಒಂದು ಬಟ್ಟಲು ತೆಗೆದು ಬೆರಳಿನಿಂದ ತಟ್ಟಿದಳು. ಟಿಣ್ ಎಂದಿತು. “ಕೂಲ್” ಎಂದಳು. ಎಣಿಸಿದರೆ ತರಗತಿಗೂ ಟೀಚರಿಗೂ ಸರಿಯಾಗಿ ಸಾಕು. ಕೆಲಸ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ.

“ಒಳಗಡೆ ಏನು ಹಾಕ್ತೀಯಾ?” ಎಂದಳು ಅಮ್ಮ.

“ಏನೂ ಇಲ್ಲಮ್ಮ, ಬಟ್ಟಲೇ ಗಿಫ್ಟು.”

“ಖಾಲಿ ಬಟ್ಟಲು ಕೊಡೋದುಂಟೇನೇ? ಹಬ್ಬದ ದಿನ, ಮಕ್ಕಳ ಕೈಗೆ? ನಿನಗೆ ಹಲ್ಲು ಬಿಟ್ರೆ ಬೇರೆ ಏನೂ ಗೊತ್ತಿಲ್ಲ.”

ಅಮ್ಮನಿಗೆ ಈ ನಿಯಮ ಸಂವಿಧಾನಕ್ಕಿಂತ ದೊಡ್ಡದು. ನಾನು ಲಂಗ ಉಟ್ಟುಕೊಂಡು ಮೈಸೂರಿನ ನಮ್ಮ ಬೀದಿಯಲ್ಲಿ ಎಳ್ಳು ಬೀರುತ್ತಿದ್ದ ಕಾಲದಿಂದ ಇದನ್ನು ಕೇಳಿಕೊಂಡೇ ಬೆಳೆದವಳು. ಪಾತ್ರೆ ಖಾಲಿ ಹೋಗಬಾರದು, ಖಾಲಿ ಬರಬಾರದು. ಹುಳಿ ಕೊಟ್ಟ ಪಾತ್ರೆ ತಿರುಗಿ ಬರುವಾಗ ಅದರಲ್ಲಿ ಏನಾದರೂ ಇರಲೇಬೇಕು, ಎರಡೆಸಳು ಕರಿಬೇವಾದರೂ ಸರಿ. ಎದುರುಮನೆಯ ಸರೋಜಮ್ಮನವರು ಯಾವಾಗಲೂ ಒಂದು ಕಲ್ಲುಸಕ್ಕರೆ ಚೂರು ಹಾಕಿ ಕಳಿಸುತ್ತಿದ್ದರು. ಅಮ್ಮ ಅದನ್ನು ತೆಗೆದಿಟ್ಟು ಮೂಲೆಮನೆಯವರ ಪಾತ್ರೆಗೆ ಹಾಕುವಳು, ಅವರು ಇನ್ನೊಬ್ಬರದಕ್ಕೆ. ಒಂದು ಮೂಲೆ ಮುರಿದ ಕಲ್ಲುಸಕ್ಕರೆ ಸಂಕ್ರಾಂತಿಗೆ ಹೊರಟದ್ದು ಯುಗಾದಿಯ ಹೊತ್ತಿಗೆ ಬೀದಿಯೆಲ್ಲ ಸುತ್ತಿ ಸರೋಜಮ್ಮನವರ ಮನೆಗೇ ಸೇರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾರೂ ತಿನ್ನಲಿಲ್ಲ, ಯಾರೂ ನಿಯಮ ಮುರಿಯಲಿಲ್ಲ. ನನ್ನ ಹಲ್ಲುಗಳು ಚೆನ್ನಾಗಿರುವುದಕ್ಕೆ ಅದೂ ಒಂದು ಕಾರಣವಿರಬೇಕು.

ಈಗ ಅತ್ತ ದರಿ, ಇತ್ತ ಪುಲಿ. ಶಾಲೆಯ ನಿಯಮದಂತೆ ತಿನ್ನುವಂಥದ್ದು ಹಾಕುವಂತಿಲ್ಲ, ಅಮ್ಮನ ನಿಯಮದಂತೆ ಖಾಲಿ ಬಿಡುವಂತಿಲ್ಲ. ಅಮ್ಮ ಒಂದೊಂದಾಗಿ ಸೂಚಿಸಿದಳು, ನಾನು ಒಂದೊಂದಾಗಿ ತಳ್ಳಿಹಾಕಿದೆ. ಸಕ್ಕರೆ? ಉಹುಂ. ನಾಲ್ಕು ಕಾಳು ಅಕ್ಕಿ? ಅದೂ ತಿಂಡಿಯೇ. ಕಡಲೆಬೀಜ? ಅಯ್ಯಯ್ಯೋ, ಯಾರಿಗಾದರೂ ಅಲರ್ಜಿ ಇದ್ದರೆ ಶಾಲೆಯವರು ಆಂಬುಲೆನ್ಸ್ ಕರೆಸುತ್ತಾರೆ. ಅರಿಶಿನದ ಕೊಂಬು? ಮಕ್ಕಳು ಗೋಡೆಗೆಲ್ಲ ಉಜ್ಜುತ್ತವೆ. ಹೂವು? ಯಾರಿಗಾದರೂ ಸೀನು ಬಂದರೆ?

“ಯಾವ ಸೀಮೆ ಮಕ್ಕಳೇ ಇವು?” ಎಂದಳು ಅಮ್ಮ.

ಪರಿಹಾರ ಕಂಡುಹಿಡಿದದ್ದು ರಘು. ಅಂಗಡಿಯಿಂದ ಒಂದು ಚೀಲ ಗಾಜಿನ ಗೋಲಿ ತಂದ. ಒಂದು ಬಟ್ಟಲಿಗೆ ಒಂದು ಗೋಲಿ. ಖಾಲಿಯೂ ಅಲ್ಲ, ತಿಂಡಿಯೂ ಅಲ್ಲ. ಅಮ್ಮ ಒಪ್ಪಿದಳು. ಎಮರ್ಜೆನ್ಸಿ ಲ್ಯಾಂಪಿನ ಗಂಡನ ಬಗ್ಗೆ ನನಗೂ ಹೆಮ್ಮೆಯಾಯಿತು. ಸ್ಟೀಲ್ ಬಟ್ಟಲಿನಲ್ಲಿ ಗಾಜಿನ ಗೋಲಿಯನ್ನು ಗಿರಗಿರನೆ ತಿರುಗಿಸಿದರೆ ಎಂಥ ಸದ್ದು ಬರುತ್ತದೆ ಎಂಬುದನ್ನು ನಾವು ಮೂವರು ವಿದ್ಯಾವಂತ ದೊಡ್ಡವರು ಯೋಚಿಸಲೇ ಇಲ್ಲ.

ಹದಿನಾಲ್ಕನೇ ತಾರೀಖು ಶಾಲೆಯಲ್ಲಿ ಏನಾಯಿತೆಂದು ಮಿಸ್ ಡಾಸನ್ ಮಧ್ಯಾಹ್ನ ಗೇಟಿನ ಬಳಿ ಕಿವಿಯಲ್ಲಿ ಬೆರಳಾಡಿಸಿಕೊಳ್ಳುತ್ತ ಹೇಳಿದರು. ತರಗತಿ ಪೂರ್ತಿ ಒಟ್ಟಿಗೆ ಗೋಲಿ ತಿರುಗಿಸಿತಂತೆ. ಪಕ್ಕದ ತರಗತಿಯವರು ಬೆಂಕಿಯ ಅಲಾರಂ ಎಂದುಕೊಂಡು ಸಾಲಾಗಿ ಆಟದ ಮೈದಾನಕ್ಕೆ ಹೊರಟೇಬಿಟ್ಟರಂತೆ. “ಬಟ್, ದೇ ಲವ್ಡ್ ಇಟ್” ಎಂದರು. ಒಳ್ಳೆಯ ಹೆಂಗಸು.

ನಾನು ತಪ್ಪಿಸಿಕೊಂಡು ಹೋಗುವಷ್ಟರಲ್ಲಿ ಅವರು ಮತ್ತೊಂದು ಮಾತು ಹೇಳಿದರು. “ಬಟ್ಟಲಿನ ಮೇಲೆ ಬರೆದಿರುವುದು ಎಷ್ಟು ಸುಂದರವಾದ ಮಾತು! ಇಂಚರ ಎಲ್ಲರೆದುರು ನಿಂತು ಅರ್ಥ ಹೇಳಿದಳು.”

ಇಂಚರಳಿಗೆ ಕನ್ನಡ ಓದಲು ಬರುವುದಿಲ್ಲ.

ಕಾರಿನಲ್ಲಿ ವಿಚಾರಿಸಿದೆ. ಏನು ಬರೆದಿದೆ ಎಂದು ಟಿಲಿ ಕೇಳಿದಳಂತೆ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, ಅಜ್ಜಿ ಹಿಂದಿನ ದಿನವೆಲ್ಲ ಹೇಳುತ್ತಿದ್ದುದನ್ನೇ ಇವಳು ಇಂಗ್ಲಿಷಿನಲ್ಲಿ ಹೇಳಿಬಿಟ್ಟಿದ್ದಾಳೆ: ಈ ಬಟ್ಟಲನ್ನು ಖಾಲಿ ಕೊಡಬಾರದು, ಖಾಲಿ ವಾಪಸೂ ಮಾಡಬಾರದು. ಅಂದರೆ ವಾಪಸು ಮಾಡಬೇಕು ಎಂದಾಯಿತಲ್ಲ! ಅದೂ ಉಕ್ಕಿನ ಮೇಲೆ ಕೊರೆದ ಶಾಸನ. “ನೀನ್ಯಾಕೆ ಹಾಗೆ ಹೇಳ್ದೆ?” ಎಂದರೆ, “ಬಟ್ ಅಜ್ಜಿ ಸೆಡ್!” ಎಂದಳು. ಇದಕ್ಕೆ ಎದುರಾಡುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ.

ಸೋಮವಾರದಿಂದ ಬಟ್ಟಲುಗಳು ಬರತೊಡಗಿದವು. ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ಯಾರಾದರೂ ಅಪ್ಪನೋ ಅಮ್ಮನೋ ಒಂದು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ದೇವಸ್ಥಾನಕ್ಕೆ ಬಂದವರಂತೆ ನಿಂತಿರುತ್ತಿದ್ದರು. ಮೊದಲನೆಯದರಲ್ಲಿ ಅಂಜೂರ. ಎರಡನೆಯದರಲ್ಲಿ ಸಮುದ್ರದ ಚಿಪ್ಪು. ಒಬ್ಬ ಹುಡುಗ ಜೀವಂತ ಬಸವನಹುಳು ತಂದ. ಇನ್ನೊಬ್ಬಳು, ನಿಮ್ಮಮ್ಮ ಡೆಂಟಿಸ್ಟ್ ಅಲ್ವಾ ಎಂದು, ಅಂದೇ ಬಿದ್ದ ತನ್ನ ಹಾಲುಹಲ್ಲನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದಳು. ಒಬ್ಬರ ಮನೆಯಿಂದ ಬ್ರೆಡ್ಡಿಗೆ ಹಚ್ಚುವ ಎಂಥದೋ ಕಪ್ಪು ಲೇಪನ ಬಂತು. ಅಮ್ಮ ಅದನ್ನು ಲೇಹ್ಯವೆಂದುಕೊಂಡು ಒಂದು ಚಮಚ ಪೂರ್ತಿ ಬಾಯಿಗೆ ಹಾಕಿಕೊಂಡಳು. “ಇವರ ಕೆಮ್ಮು ಹೆದರಿಕೊಂಡೇ ಹೋಗತ್ತೆ ಕಣೆ” ಎಂದಳು, ಸ್ವಲ್ಪ ಹೊತ್ತಿನ ನಂತರ, ಮಾತು ಬಂದಾಗ.

ಹಿತ್ತಲಲ್ಲಿ ಕೋಳಿ ಸಾಕಿದವರ ಮನೆಯಿಂದ ಮೊಟ್ಟೆ ಬಂದ ದಿನ ಮಾತ್ರ ಅಮ್ಮ ಅದನ್ನು ಕಾಗದದಲ್ಲಿ ಹಿಡಿದೆತ್ತಿ ಹೊರಗಿಟ್ಟಳು. ಆಮೇಲೆ ಬಟ್ಟಲಿಗೆ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ತುಂಬ ಚಕ್ಕುಲಿ ಹಾಕಿ ವಾಪಸು ಕಳಿಸಿದಳು. ಹೌದು, ವಾಪಸು. ಬಟ್ಟಲು ಆ ಮಗುವಿಗೆ ಕೊಟ್ಟದ್ದಲ್ಲವೇ? ಅದನ್ನು ಇಟ್ಟುಕೊಳ್ಳಲಾಗುವುದಿಲ್ಲ, ಖಾಲಿ ಕಳಿಸಲಂತೂ ಆಗುವುದಿಲ್ಲ. ಅವರು ಅದನ್ನು ಮತ್ತೆ ತುಂಬಿ ತಂದರು. ಆಮೇಲಾಮೇಲೆ ಆ ಮನೆಗಳವರು ತಮ್ಮತಮ್ಮಲ್ಲೂ ಬಟ್ಟಲು ಓಡಾಡಿಸತೊಡಗಿ, ಯಾವುದು ಯಾರದೆಂಬುದೇ ಕಲಸಿಹೋಯಿತು. ಅಮ್ಮ ಬೆಳಿಗ್ಗೆ ಎದ್ದು ಕೋಡುಬಳೆ ಸುತ್ತುತ್ತಿದ್ದಳು. ರಘು, “ಇದು ನಿಲ್ಲೋದು ಯಾವಾಗ?” ಎಂದು ಕೇಳಿದ. ಅಮ್ಮ ಇನ್ನೊಂದು ಕೋಡುಬಳೆ ಸುತ್ತಿದಳು.

ನಾನು ಮಾತ್ರ ಬೀಗುತ್ತಿದ್ದೆ. ನೋಡಿ, ಮಗಳಿಗೆ ಎಷ್ಟು ಜನ ಗೆಳೆಯರು! ಗೇಟಿನಲ್ಲಿ ಎಲ್ಲರೂ ಅವಳ ಹೆಸರು ಹಿಡಿದು ಕೂಗುತ್ತಾರೆ, ‘ಬ್ರಷ್ ಗರ್ಲ್’ ಈಗ ‘ಬೌಲ್ ಗರ್ಲ್’ ಆಗಿದ್ದಾಳೆ. ಒಂದು ಮಧ್ಯಾಹ್ನ ಹಾಗೆಂದು ಅವಳಿಗೂ ಹೇಳಿದೆ. ಅವಳು ಮಡಿಲಲ್ಲಿದ್ದ ಬಟ್ಟಲಿನ ದ್ರಾಕ್ಷಿ ನೋಡುತ್ತ, “ದ ಬೌಲ್ಸ್ ಕಮ್, ಅಮ್ಮಾ. ನೋಬಡಿ ಕಮ್ಸ್” ಎಂದಳು. ಬಟ್ಟಲುಗಳು ಬರುತ್ತವೆ, ಯಾರೂ ಬರುವುದಿಲ್ಲ. ಇಷ್ಟು ದಿನ ನಾನು ಬಟ್ಟಲು ಎಣಿಸುತ್ತಿದ್ದೆ, ಮಗು ಬಾಗಿಲು ಕಾಯುತ್ತಿತ್ತು.

ಟಿಲಿಯ ಬಟ್ಟಲಂತೂ ಬಂದೇ ಇರಲಿಲ್ಲ. ವಾರಗಳು ಕಳೆದವು. “ಶೀ ಡಸಂಟ್ ಲೈಕ್ ಮಿ” ಎಂದು ಇಂಚರ ತೀರ್ಮಾನಿಸಿದಳು. ಕಳೆದುಹೋಗಿರಬೇಕು ಎಂದು ನಾನು ಸಮಾಧಾನ ಹೇಳಿದೆ. ಅವಳು ಕೋಣೆ ಗುಡಿಸುವುದನ್ನು ಬಿಟ್ಟಳು. ಏಳು ವರ್ಷದ ಮಗು ಕೋಣೆ ಗುಡಿಸುವುದನ್ನು ನಿಲ್ಲಿಸಿದರೆ ಬೇರೆ ತಾಯಂದಿರಿಗೆ ಅದು ಮಾಮೂಲು, ನನಗೆ ಅಳು ಬಂತು.

ಒಂದು ಶನಿವಾರ ಮಧ್ಯಾಹ್ನ ಕರೆಗಂಟೆಯ ಸದ್ದಾಯಿತು. ತೆರೆದರೆ ಒಬ್ಬ ಎತ್ತರದ ಮನುಷ್ಯ, ಅವನ ಕಾಲಿನ ಹಿಂದೆ ಅರ್ಧ ಅಡಗಿ ನಿಂತ ಒಬ್ಬಳು ಪುಟ್ಟ ಹುಡುಗಿ. ಅವಳ ಕೈಯಲ್ಲಿ ಬಟ್ಟಲು. ನನ್ನ ಹಿಂದಿನಿಂದ ಇಂಚರ ಉಸಿರೆಳೆದುಕೊಂಡದ್ದು ಕೇಳಿಸಿತು.

“ಸಾರಿ, ತುಂಬಾ ತಡ ಆಯ್ತು” ಎಂದ ಟಿಲಿಯ ಅಪ್ಪ. ಅವನು ಇಂಗ್ಲಿಷಿನಲ್ಲಿ ಹೇಳಿದ್ದರ ಸಾರಾಂಶವಿಷ್ಟು: ಬೇರೆ ಮಕ್ಕಳು ಏನೇನು ಹಾಕಿದರೆಂದು ದಿನಾ ಕೇಳಿ ಕೇಳಿ, ಟಿಲಿಗೆ ತಾನು ಹಾಕಬೇಕೆಂದುಕೊಂಡದ್ದು ಯಾವುದೂ ಸಾಲದೆನಿಸಿದೆ. ಅವತ್ತು ಬೆಳಿಗ್ಗೆ ತಾನೇ ನಿಂತು ಒಂದು ಕಪ್‌ಕೇಕ್ ಮಾಡಿದಳು, ಮೇಲೆ ಗುಲಾಬಿ ಐಸಿಂಗ್. ಗೇಟಿನಲ್ಲಲ್ಲ, ಮನೆಗೇ ಹೋಗಿ ಕೊಡುತ್ತೇನೆಂದು ಹಟ ಹಿಡಿದಳು. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಮಡಿಲ ಮೇಲಿಟ್ಟುಕೊಂಡು ಕೂತಿದ್ದಳು. “ಕೊನೆಯ ಸಿಗ್ನಲ್ ಹತ್ತಿರ ತಿರುಗಿ ನೋಡ್ತೀನಿ, ಕೇಕೇ ಇಲ್ಲ!”

ಬಟ್ಟಲಿನಲ್ಲಿ ನಾಲ್ಕು ತುಣುಕು ಪುಡಿ ಇತ್ತು. ಟಿಲಿಯ ತುಟಿ, ಮುಂದಿನ ಎರಡು ಹಲ್ಲು ಎಲ್ಲ ಗುಲಾಬಿ. ಅವಳು ಬಟ್ಟಲನ್ನೂ ನಮ್ಮ ಹೊಸಿಲನ್ನೂ ಒಂದಾದ ಮೇಲೊಂದರಂತೆ ನೋಡಿ, ಕಣ್ಣು ತುಂಬಿಕೊಂಡು, ಇಷ್ಟೇ ಕೇಳಿದಳು.

“ಇಟ್ಸ್ ಎಂಪ್ಟಿ. ಕ್ಯಾನ್ ಐ ಸ್ಟಿಲ್ ಕಮ್ ಇನ್?”

ಅಡುಗೆಮನೆಯಿಂದ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, “ಏನಂತೆ ಮಗೂಗೆ? ಯಾಕೆ ಅಳ್ತಾ ಇದೆ?” ಎಂದಳು. ಹೇಳಿದೆ. ಅಮ್ಮ ಬಗ್ಗಿ ಬಟ್ಟಲೊಳಗೆ ನೋಡಿದಳು, ಆಮೇಲೆ ಆ ಗುಲಾಬಿ ಮೂತಿಯನ್ನು ನೋಡಿದಳು. ನಾನು ಕಂಡಂತೆ ಜೀವಮಾನದಲ್ಲಿ ಒಮ್ಮೆಯೂ ಆ ನಿಯಮದಲ್ಲಿ ರಿಯಾಯಿತಿ ಕೊಟ್ಟವಳಲ್ಲ ಅವಳು.

“ಖಾಲಿ ಎಲ್ಲೇ? ಹೊಟ್ಟೇಲಿಟ್ಕೊಂಡು ತಂದಿದಾಳಲ್ಲ, ಒಳಗೆ ಕರಿ” ಎಂದಳು.

ಇದನ್ನು ಇಂಗ್ಲಿಷಿಗೆ ಹೇಗೆ ತಿರುಗಿಸುವುದೆಂದು ಯೋಚಿಸಿ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಟಿಲಿಯ ಅಪ್ಪ ಒಬ್ಬನೇ ಇದ್ದ. ಬಟ್ಟಲು ನೆಲದ ಮೇಲಿತ್ತು, ಇಂಚರಳ ಕೋಣೆಯ ಬಾಗಿಲು ಧಡಾರನೆ ಹಾಕಿಕೊಂಡಿತು, ಒಳಗಿನಿಂದ ಏನೋ ಬಿದ್ದ ಸದ್ದು, ಅದರ ಹಿಂದೆಯೇ ಇಬ್ಬರ ನಗು.

ಅವನು ಕಾರಿನ ಕೀಲಿ ಆಡಿಸುತ್ತ, ಎಷ್ಟು ಹೊತ್ತಿಗೆ ಬಂದು ಕರೆದುಕೊಂಡು ಹೋಗಲಿ ಎಂದು ಕೇಳಿದ. ಇಂಗ್ಲಿಷ್ ಬಾರದ ಅಮ್ಮನಿಗೆ ಅದೊಂದು ಹೇಗೆ ತಿಳಿಯಿತೋ, ನಾನು ಹೇಳುವ ಮೊದಲೇ ಅಡುಗೆಮನೆಯ ಕಡೆ ತಿರುಗಿದವಳು ಅಲ್ಲಿಂದಲೇ ಕೂಗಿದಳು:

“ಊಟ ಮಾಡ್ಕೊಂಡೇ ಹೋಗೋದು ಅಂತ ಹೇಳು.”